ಗುಂಡಿಯನ್ನು ಹೊತ್ತ ಬಟ್ಟೆ

ಜೂನ್ 9

ಪ್ರೀತಿಯ ತಮ್ಮನಿಗೆ,

ಬಂದು ಸೇರಿದ್ದೇನೆ. ಬೆಟ್ಟದ ಮೇಲಿನ ಆಸ್ಪತ್ರೆ. ಉದ್ದನೆಯ ವಾರ್ಡು, ಎರಡು ಸಾಲು ಮಂಚ, ಮಂಚಕ್ಕೊಂದು ಕಿಟಕಿ. ಗಾಳಿ ಆಡಬೇಕಂತೆ, ಚಳಿ ಎಷ್ಟಿದ್ದರೂ ಕಿಟಕಿ ಮುಚ್ಚುವ ಹಾಗಿಲ್ಲ. ನನಗೆ ಬಂದಿರುವ ಕ್ಷಯ ಸಾಮಾನ್ಯ ಮಾತ್ರೆಗೆ ಬಗ್ಗುವ ಜಾತಿಯದಲ್ಲ, ಮೊಂಡು ಜಾತಿಯದು ಎಂದು ಡಾಕ್ಟರು ಹೇಳಿದರು. "ಇವಳ ಹಾಗೇ" ಎಂದು ಸೇರಿಸಲು ನೀನು ಪಕ್ಕದಲ್ಲಿರಲಿಲ್ಲ. ಆರು ತಿಂಗಳು ಇರಬೇಕಂತೆ.

ಫೋನ್ ಮಾಡಬೇಡ. ಮೊನ್ನೆ ನೀನು ಮಾಡಿದಾಗ ಹಿಂದೆ ಮಗಳ ಅಳು ಕೇಳಿಸಿತು. ಆಮೇಲೆ ನನ್ನ ಕೆಮ್ಮು ನಿಲ್ಲಲೇ ಇಲ್ಲ, ಸಿಸ್ಟರ್ ಬಂದು ಫೋನ್ ಕಿತ್ತುಕೊಂಡು ಹೋದರು. ಕಾಗದ ಬರಿ.

ಅವಳಿಗೆ ಎರಡು ತಿಂಗಳು ತುಂಬಿದೆಯಷ್ಟೆ. ಎತ್ತುವಾಗ ಕತ್ತಿನ ಕೆಳಗೆ ಕೈ ಇರಲಿ. ಬೀರುವಿನ ಮೇಲೆ ನಾನು ನನ್ನ ಊರಿಂದ ತಂದ ಒಂದು ಡಬ್ಬಿ ಇದೆ, ಅದರಲ್ಲಿ ಬೆಲ್ಟು ಬಕಲ್ ಇರುವ ಚೀಲ, ಮಗುವನ್ನು ಎದೆಗೆ ಹಾಕಿಕೊಂಡು ಓಡಾಡುವಂಥದ್ದು. ಅವಳು ಹೊಟ್ಟೆಯಲ್ಲಿದ್ದಾಗಲೇ ಕೊಂಡಿಟ್ಟಿದ್ದೆ. ಅದನ್ನು ಮುಟ್ಟಬೇಡ. ಈಗ ಹಾಕಿದರೆ ಒಳಗೆ ಮುಳುಗಿಹೋಗುತ್ತಾಳೆ. ಅವಳು ಕೂರಲು ಕಲಿಯುವ ಹೊತ್ತಿಗೆ ನಾನೇ ಬಂದಿರುತ್ತೇನೆ. ಅದನ್ನು ಮೊದಲು ನಾನೇ ಹಾಕಿಕೊಳ್ಳಬೇಕು.

ಅವಳ ಅಪ್ಪನಿಂದ ಏನಾದರೂ ಸುದ್ದಿ ಬಂದರೆ ನನಗೆ ತಿಳಿಸಬೇಡ. ಬರದಿದ್ದರೂ ತಿಳಿಸಬೇಡ.

ನಾನು ಚೆನ್ನಾಗಿದ್ದೇನೆ.

ಅಕ್ಕ


ಜೂನ್ 20

ಅಕ್ಕನಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಅಂದರೆ ಅವಳೂ ಇದ್ದಾಳೆ, ನಾನೂ ಇದ್ದೇನೆ, ಹೊಲಿಗೆ ಯಂತ್ರಕ್ಕೆ ಮಾತ್ರ ಪೂರ್ತಿ ರಜೆ.

ನಿನ್ನ ಮಗಳಿಗೆ ನೆಲ ಆಗದು, ತೊಟ್ಟಿಲು ಆಗದು, ಹಾಸಿಗೆ ಆಗದು. ಕೈಯಲ್ಲಿದ್ದರೆ ಮಹಾರಾಣಿ, ಇಳಿಸಿದರೆ ಊರಿಗೇ ಕೇಳುವ ರಂಪ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಕತ್ತರಿ ಹಿಡಿದು ಯಾರ ಪ್ಯಾಂಟು ಕತ್ತರಿಸಲಿ? ಕೊನೆಗೆ ಅಂಗಡಿಯಲ್ಲಿ ಬಿದ್ದಿದ್ದ ಬನಿಯನ್ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿ ಅವಳನ್ನು ಎದೆಗೆ ಕಟ್ಟಿಕೊಂಡೆ. ಆಹಾ, ಕಟ್ಟಿದ ತಕ್ಷಣ ನಿದ್ದೆ! ಆದರೆ ಎದೆಯಲ್ಲಿ ಕಟ್ಟಿದ ಮಗು ಮಧ್ಯಾಹ್ನದ ಹೊತ್ತಿಗೆ ಹೊಕ್ಕುಳಿಗೆ ಇಳಿದಿತ್ತು. ಬ್ಯಾಂಕಿನ ಕಾವಲುಗಾರ ಪ್ಯಾಂಟು ಹೊಲಿಸಲು ಬಂದವನು ನೋಡಿ, "ಏನ್ ಟೈಲರೇ, ಅಳತೆ ತಗೊಳ್ಳೋಕೆ ಇಬ್ಬರು ಬೇಕಾ?" ಎಂದ. "ಇಲ್ಲ ಸಾರ್, ಅಳತೆ ನಾನು ತಗೋತೀನಿ, ಇವಳು ತಪ್ಪು ಹುಡುಕ್ತಾಳೆ" ಎಂದೆ.

ನಾನು ಅವಳನ್ನು ಗುಂಡಿ ಎಂದು ಕರೆಯುತ್ತೇನೆ. ಆ ದುಂಡು ಮುಖ, ಅದರಲ್ಲಿ ಎರಡು ಕಪ್ಪು ಕಣ್ಣು. ಥೇಟ್ ಕೋಟಿನ ಗುಂಡಿ.

ನೀನು ಮಾತ್ರೆ ಬಿಡಬೇಡ.

ನಿನ್ನ ತಮ್ಮ


ಜುಲೈ 2

ತಮ್ಮನಿಗೆ,

ಗುಂಡಿಯಂತೆ! ಗುಂಡಿ ರಸ್ತೆಯಲ್ಲಿರುತ್ತೆ ಕಣೋ. ಹೆಸರಿಟ್ಟ ಮಗುವಿಗೆ ಇದೆಂಥ ಅಡ್ಡಹೆಸರು?

ಇಷ್ಟು ವರ್ಷ ಬಟ್ಟೆಯ ಜೊತೆ ಬಾಳಿದವನಿಗೆ ಬನಿಯನ್ ಬಟ್ಟೆ ಎಳೆದಷ್ಟೂ ಬರುತ್ತದೆ ಎಂದು ನಾನು ಹೇಳಿಕೊಡಬೇಕೇ? ನೇಯ್ದ ಹತ್ತಿ ಬಟ್ಟೆ ತಗೋ. ಪರದೆಯ ಹಾಗೆ ದಪ್ಪ ಬೇಡ, ಲೈನಿಂಗಿನ ಹಾಗೆ ಜಾರುವುದೂ ಬೇಡ. ಉದ್ದಕ್ಕೂ ಅಗಲಕ್ಕೂ ಎಳೆದರೆ ಜಗ್ಗಬಾರದು, ಓರೆಯಾಗಿ ಎಳೆದರೆ ಸ್ವಲ್ಪ ಬರಬೇಕು. ಆ ಸ್ವಲ್ಪವೇ ಅವಳ ಬೆನ್ನಿನ ಬಾಗಿಗೆ ಹೊಂದಿಕೊಳ್ಳುವುದು.

ಈಗ ಗಮನವಿಟ್ಟು ಓದು. ತಲೆ ಬಗ್ಗಿಸಿದರೆ ಅವಳ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿ ಕಟ್ಟಬೇಕು. ಮುಖ ಯಾವಾಗಲೂ ನಿನಗೆ ಕಾಣುತ್ತಿರಬೇಕು, ಬಟ್ಟೆ ಮೂಗಿನ ಮೇಲೆ ಬರಬಾರದು. ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಿಗೆ ತೊಂದರೆ, ಮಧ್ಯೆ ಎರಡು ಬೆರಳು ಹಿಡಿಸುವ ಜಾಗವಿರಲಿ. ಕಾಲು ಜೋತುಬೀಳಬಾರದು, ಕಪ್ಪೆ ಕೂತ ಹಾಗೆ ಮಂಡಿ ಮೇಲೆ, ಕುಂಡೆ ಕೆಳಗೆ. ಬಟ್ಟೆಯನ್ನು ಒಂದೇ ಸಲ ಜಗ್ಗಬೇಡ, ಅಂಚಿನಿಂದ ಅಂಚಿಗೆ ಪಟ್ಟಿ ಪಟ್ಟಿಯಾಗಿ ಬಿಗಿ ಮಾಡುತ್ತಾ ಬಾ. ಸಡಿಲ ಕಟ್ಟಿದರೆ ಮಗುವಿಗೆ ಸುಖ ಎಂದುಕೊಳ್ಳಬೇಡ, ಕುಸಿಯುವುದು ಸಡಿಲದಲ್ಲೇ. ಅವಳು ಎದೆಯಲ್ಲಿದ್ದಾಗ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಹೋದರೆ ಬೆಟ್ಟ ಇಳಿದು ಬಂದು ಒದೆಯುತ್ತೇನೆ.

ಇದೆಲ್ಲ ಇಲ್ಲಿನ ಸಿಸ್ಟರ್ ಹೇಳಿಕೊಟ್ಟದ್ದು, ಎರಡು ಮಕ್ಕಳನ್ನು ಹೀಗೇ ಹೊತ್ತು ಸಾಕಿದವರು. ಕೇಳಿಸಿಕೊಂಡೇ ಇಷ್ಟು ಕಲಿತೆಯಾ ಎಂದು ಕೇಳಬೇಡ. ಇಲ್ಲಿ ನನಗೆ ಬೇಕಾದಷ್ಟು ಹೊತ್ತಿದೆ.

ಅಕ್ಕ


ಜುಲೈ 16

ಅಕ್ಕ,

ಗೆದ್ದೆವು!

ಅಂಗಡಿಯಲ್ಲಿದ್ದ ಹತ್ತಿ ಬಟ್ಟೆಯನ್ನೆಲ್ಲ ಕೆಳಗಿಳಿಸಿ ಒಂದೊಂದನ್ನೂ ಎಳೆದು ನೋಡಿದೆ. ಓರೆ ನೇಯ್ಗೆಯ ಬೂದು ಬಟ್ಟೆಯೊಂದು ಸರಿಹೋಯಿತು. ಮೊದಲು ನೀನು ಹೇಳಿದ ಹಾಗೆ ಹಾಸಿಗೆಯ ಪಕ್ಕದಲ್ಲೇ ನಿಂತು ಕಟ್ಟಿದೆ. ("ನಾನು ಹೇಳಿರಲಿಲ್ಲ" ಎನ್ನುತ್ತೀಯ. ಹೇಳುವವಳಿದ್ದೆ, ನನಗೆ ಗೊತ್ತು.) ಎರಡು ಸಲ ಬಿಚ್ಚಿ ಕಟ್ಟಿದೆ. ಮೂರನೇ ಸಲ ಅವಳು ಒಂದು ನಿಟ್ಟುಸಿರು ಬಿಟ್ಟಳು, ಮುದುಕಿಯ ಹಾಗೆ, ಸಾಕಪ್ಪಾ ಎನ್ನುವ ಹಾಗೆ. ಆಮೇಲೆ ಸಂಜೆಯವರೆಗೂ ಜಾರಲಿಲ್ಲ.

ಈಗ ಅವಳನ್ನು ಕಟ್ಟಿಕೊಂಡೇ ಅಳತೆ ತೆಗೆಯುತ್ತೇನೆ, ನಿಂತೇ ಬಟ್ಟೆ ಕತ್ತರಿಸುತ್ತೇನೆ. ಕತ್ತರಿ, ಸೂಜಿ, ಬ್ಲೇಡು ಎಲ್ಲ ಮೇಲಿನ ಹಲಗೆಗೆ ಹೋದವು. ಕೆಲಸ ಮುಗಿದ ತಕ್ಷಣ ಕತ್ತರಿ ಮೇಲೆ. ಅವಳ ಬಾಯಿಂದ ಹನಿ ಬಿದ್ದು ನನ್ನ ಶರ್ಟಿನಲ್ಲಿ ಯಾವಾಗಲೂ ಒಂದೇ ಜಾಗ ಒದ್ದೆ.

ಒಂದು ಮಾತು ಹೆಮ್ಮೆಯಿಂದ ಹೇಳುತ್ತೇನೆ. ಬೇರೆ ಯಾರು ಎತ್ತಿಕೊಂಡರೂ ಅವಳಿಗೆ ಆಗುವುದಿಲ್ಲ. ಎದುರು ಮನೆಯವರು ಪ್ರೀತಿಯಿಂದ ಕೈ ಚಾಚಿದರೆ ಮುಖವನ್ನು ನನ್ನ ಕಂಕುಳಿಗೆ ತೂರಿಸುತ್ತಾಳೆ. ಅವರು, "ಇದಕ್ಕೆ ನೀನೇ ಅಮ್ಮ ಆಗ್ಬಿಟ್ಟಿದೀಯ ಬಿಡು" ಎಂದರು. ಎಷ್ಟು ನಕ್ಕೆವು!

ನಿನ್ನ ತಮ್ಮ


ಜುಲೈ 28

ತಮ್ಮನಿಗೆ,

ಕಾಗದ ಬಂತು. ಸಂತೋಷ.

ಸದಾ ಹೊತ್ತುಕೊಂಡೇ ಇದ್ದರೆ ಮಗುವಿಗೆ ಕೆಟ್ಟ ಅಭ್ಯಾಸವಾಗುತ್ತದೆ. ಇನ್ನು ಮೇಲೆ ತೊಟ್ಟಿಲಲ್ಲೇ ಮಲಗಿಸಿ ರೂಢಿ ಮಾಡು. ಅತ್ತರೆ ಅಳಲಿ. ಇಲ್ಲಿನ ಡಾಕ್ಟರೂ ಹಾಗೇ ಹೇಳುತ್ತಾರೆ.

ಬೇರೆ ವಿಶೇಷವಿಲ್ಲ.

ಅಕ್ಕ


ಆಗಸ್ಟ್ 10

ಅಕ್ಕನಿಗೆ,

ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ. ಬೂದು ಬಟ್ಟೆಯನ್ನು ಮಡಿಸಿ ಒಳಗಿಟ್ಟೆ.

ಮೊದಲ ವಾರ ಕಷ್ಟವಾಯಿತು. ಗಂಟಲು ಕಟ್ಟುವವರೆಗೂ ಅತ್ತಳು. ಕೇಳಿಸದಿರಲಿ ಎಂದು ನಾನು ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದೆ. ಆ ವಾರ ಹೊಲಿದ ಶರ್ಟುಗಳ ತೋಳೆಲ್ಲ ಸೊಟ್ಟ, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಈಗ ಅಷ್ಟು ಅಳುವುದಿಲ್ಲ. ತೊಟ್ಟಿಲಲ್ಲಿ ಮಲಗಿ ಸೂರಿನಲ್ಲಿ ತಿರುಗುವ ಫ್ಯಾನನ್ನೇ ನೋಡುತ್ತಿರುತ್ತಾಳೆ. ನಾನು ಬಗ್ಗಿ ನೋಡಿದರೂ ಫ್ಯಾನನ್ನೇ ನೋಡುತ್ತಾಳೆ.

ಸುಮ್ಮನಾಗಿದ್ದಾಳೆ. ಡಾಕ್ಟರು ಹೇಳಿದ್ದು ಸರಿಯೇ ಇರಬೇಕು.

ನಿನ್ನ ತಮ್ಮ


ಆಗಸ್ಟ್ 17

ತಮ್ಮಾ,

ಕಾಗದ ಪಕ್ಕಕ್ಕಿಡು. ಮೊದಲು ಹೋಗಿ ಅವಳನ್ನು ಎತ್ತಿಕೋ. ಬಟ್ಟೆ ತೆಗೆದು ಕಟ್ಟಿಕೋ. ಆಮೇಲೆ ಓದು.

ಡಾಕ್ಟರು ಏನೂ ಹೇಳಿರಲಿಲ್ಲ. ಹೇಳಿದ್ದು ನನ್ನ ಹೊಟ್ಟೆಕಿಚ್ಚು. ಅವಳಿಗೆ ನೀನೇ ಅಮ್ಮ ಎಂದು ಓದಿದ ದಿನ ನಾನು ಊಟ ಮಾಡಲಿಲ್ಲ. ಯಾರೂ ಹೊರದಿದ್ದರೆ ಅವಳು ನನಗೆ ಉಳಿಯುತ್ತಾಳೆ ಎಂದುಕೊಂಡೆ. ಫ್ಯಾನು ನೋಡುವ ಮಗುವನ್ನು ನಾನು ಕೇಳಿರಲಿಲ್ಲ ಕಣೋ.

ಇನ್ನೊಂದು ಹೇಳಬೇಕು, ನಗಬೇಡ. ನಿನಗೆ ಬರೆದ ಕಟ್ಟೆಲ್ಲ ನಾನು ಕೇಳಿ ಕಲಿತದ್ದಲ್ಲ, ದಿಂಬಿಗೆ ಕಟ್ಟಿ ಕಲಿತದ್ದು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹೊದಿಕೆಯಿಂದ ದಿಂಬನ್ನು ಎದೆಗೆ ಕಟ್ಟಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಒಂದು ದಿನ ಸಿಸ್ಟರ್ ಕೈಗೆ ಸಿಕ್ಕಿಬಿದ್ದೆ. "ಯಾರಿದು?" ಎಂದರು. ಏನು ಹೇಳುವುದು? "ನನ್ನ ಮಗಳು" ಎಂದೆ. ಅವರು ಬೈಯಲಿಲ್ಲ. ದಿಂಬಿನ ಕೆಳಗಿನ ಎರಡು ಮೂಲೆಗಳನ್ನು ಹಿಡಿದು ಮೇಲಕ್ಕೆ ಮಡಚಿ, "ಕಾಲು ಸರಿಯಾಗಿ ಬಂದಿಲ್ಲ, ನೋಡಿ ಹೀಗೆ" ಎಂದರು. ಮಾರನೇ ದಿನ ತಮ್ಮ ಮಕ್ಕಳನ್ನು ಹೊತ್ತ ಕೆಂಪು ಬಟ್ಟೆಯನ್ನೇ ತಂದು ಕೊಟ್ಟರು.

ಅಂದಿನಿಂದ ಅದನ್ನೇ ಹೊದ್ದು ಮಲಗಿದ್ದೇನೆ. ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಬಟ್ಟೆಯಿಂದ ಈ ಕಾಯಿಲೆ ಹರಡುವುದಿಲ್ಲ, ಕೇಳಿದ್ದೇನೆ, ಈ ಸಲ ನಿಜವಾಗಿ ಡಾಕ್ಟರನ್ನೇ ಕೇಳಿದ್ದೇನೆ. ಅದರಲ್ಲಿ ನನ್ನ ಮೈವಾಸನೆ ಇದೆ. ಒಗೆಯಬೇಡ. ಅದರಲ್ಲಿ ಅವಳನ್ನು ಕಟ್ಟಿಕೋ. ಹೊರುವವನು ನೀನೇ ಆಗಿರು, ವಾಸನೆಯಾದರೂ ನನ್ನದಿರಲಿ.

ಅಕ್ಕ


ಆಗಸ್ಟ್ 29

ಅಕ್ಕ,

ಕಾಗದ ಅರ್ಧ ಓದುವಷ್ಟರಲ್ಲಿ ಅವಳು ನನ್ನ ಎದೆಯಲ್ಲಿದ್ದಳು. ಮೊದಲ ದಿನ ಕೈಕಾಲು ಬಿಗಿ ಹಿಡಿದುಕೊಂಡೇ ಇದ್ದಳು, ನನ್ನ ಮೇಲೆ ಕೋಪವಿದ್ದ ಹಾಗೆ. ಮೂರನೇ ದಿನ ಮೈ ಸಡಿಲ ಬಿಟ್ಟಳು. ಫ್ಯಾನಿನ ಕಡೆ ಈಗ ತಿರುಗಿಯೂ ನೋಡುವುದಿಲ್ಲ.

ಕೆಂಪು ಬಟ್ಟೆ ಬಂತು. ಅದರಲ್ಲೇ ಕಟ್ಟಿಕೊಂಡೆ. ಮೂಗನ್ನು ಅದರ ಅಂಚಿಗೆ ಒತ್ತಿ ಒತ್ತಿ ಮಲಗಿದಳು ಅಕ್ಕ. ಗುರುತು ಹಿಡಿದಳು. ನೀನು ನೋಡಬೇಕಿತ್ತು.

ನಿನ್ನ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡ. ನಗುವ ಸಂಗತಿಯೊಂದು ಹೇಳುತ್ತೇನೆ: ನನ್ನ ಬಿಳಿ ಶರ್ಟುಗಳೆಲ್ಲ ಈ ವಾರ ಗುಲಾಬಿ ಬಣ್ಣಕ್ಕೆ ತಿರುಗಿವೆ. ಒಂದೇ ಬಕೆಟ್ಟಿಗೆ ಹಾಕಿದ ಪಾಪ. ಕಾವಲುಗಾರ, "ಏನ್ ಟೈಲರೇ, ಮದುವೆ ಗೊತ್ತಾಯ್ತಾ?" ಎಂದು ರೇಗಿಸುತ್ತಾನೆ.

ನಿನ್ನ ತಮ್ಮ


ಸೆಪ್ಟೆಂಬರ್ 25

ಅಕ್ಕನಿಗೆ,

ನಿನ್ನಿಂದ ಕಾಗದವಿಲ್ಲ. ಮೈ ಹುಷಾರಿಲ್ಲವೇ? ತೊಟ್ಟಿಲಲ್ಲಿ ಹಾಕಿ ಅಳಿಸಿದ್ದಕ್ಕೆ ನನ್ನ ಮೇಲೆ ಕೋಪವೇ? ಆಸ್ಪತ್ರೆಗೆ ಫೋನ್ ಮಾಡಿದೆ, "ಇದ್ದಾರೆ, ಊಟ ಮಾಡ್ತಾರೆ, ಮಾತಾಡಲ್ಲ" ಎಂದರು.

ಗುಂಡಿ ಮಗುಚಿಕೊಳ್ಳುತ್ತಾಳೆ. ಎರಡು ಸಾಲು ಬರಿ ಸಾಕು.

ನಿನ್ನ ತಮ್ಮ


ಅಕ್ಟೋಬರ್ 12

ತಮ್ಮನಿಗೆ,

ಕೋಪವಿಲ್ಲ. ಪರೀಕ್ಷೆಯ ಫಲಿತಾಂಶ ಬಂತು. ಡಿಸೆಂಬರಿಗೆ ಬಿಡುವುದಿಲ್ಲ, ಫೆಬ್ರವರಿ ಮುಗಿಯಬೇಕಂತೆ. ಅದನ್ನು ಬರೆಯಲು ಕೈ ಬರಲಿಲ್ಲ.

ಅದೊಂದೇ ಅಲ್ಲ. ನಿನ್ನ ಆಗಸ್ಟಿನ ಕಾಗದವನ್ನು ಮೊದಲ ಸಲ ಓದಿದಾಗ ಅವಳ ಮೂಗು ಮಾತ್ರ ಕಂಡಿತು. ಅದನ್ನೇ ನೆನೆಯುತ್ತಾ ಮಲಗಿದೆ, ಇಲ್ಲಿಗೆ ಬಂದ ಮೇಲೆ ಅಷ್ಟು ಚೆನ್ನಾಗಿ ನಿದ್ದೆ ಬಂದದ್ದು ಅವತ್ತೇ. ಬೆಳಿಗ್ಗೆ ಎದ್ದು ಮತ್ತೆ ಓದಿದಾಗ ಗುಲಾಬಿ ಶರ್ಟು ಕಂಡಿತು. ಕೆಂಪು ಬಟ್ಟೆ ಒಗೆಯದೆ ಬಿಳಿ ಶರ್ಟು ಗುಲಾಬಿಯಾಗುವುದು ಹೇಗೆ?

ನೀನು ಹೆದರಿದೆ. ಎರಡು ತಿಂಗಳ ಮಗುವನ್ನು ನಿನ್ನ ಕೈಗೆ ಕೊಟ್ಟು ಬಂದವಳು ನಾನು, ಯಾವ ಕಾಯಿಲೆಯಿಂದ ದೂರವಿಡಲು ಬಂದೆನೋ ಅದರ ಬಟ್ಟೆಯನ್ನೇ ಕಳಿಸಿದರೆ ಯಾರು ತಾನೇ ಹೆದರುವುದಿಲ್ಲ? ನಿನ್ನ ಜಾಗದಲ್ಲಿ ನಾನಿದ್ದರೂ ಕುದಿಯುವ ನೀರಿಗೇ ಹಾಕುತ್ತಿದ್ದೆ. ಒಗೆದದ್ದಕ್ಕೆ ಬೇಸರವಿಲ್ಲ, ಸುಳ್ಳು ಹೇಳಿದ್ದಕ್ಕೂ ಇಲ್ಲ. ಆ ಒಂದು ರಾತ್ರಿಯ ನಿದ್ದೆಯನ್ನು ವಾಪಸ್ಸು ಕೊಡಬೇಕಾಯಿತಲ್ಲ, ಅದಕ್ಕೆ ಇಷ್ಟು ದಿನ ಹಿಡಿಯಿತು.

ಬೀರುವಿನ ಮೇಲಿನ ಡಬ್ಬಿ ತೆಗೆ. ಅವಳು ಕೂರುತ್ತಿದ್ದರೆ ಬೆಲ್ಟಿನ ಚೀಲ ಹಾಕಿಕೋ. ನನಗೋಸ್ಕರ ಕಾದರೆ ಅದು ಅವಳಿಗೆ ಚಿಕ್ಕದಾಗಿಬಿಡುತ್ತದೆ.

ಅಕ್ಕ


ಅಕ್ಟೋಬರ್ 24

ಅಕ್ಕ,

ಬಟ್ಟೆ ಬಂದ ದಿನ ನಾನೂ ಅದನ್ನು ಮೂಸಿದೆ. ಮನೆಯಲ್ಲಿ ನೀನು ನಡೆದು ಹೋದ ಹಾಗಾಯಿತು. ಆಮೇಲೆ ನೀರು ಕಾಯಿಸಲು ಇಟ್ಟೆ. ನೀರು ಕುದಿಯುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಷ್ಟೇ ಹೇಳಬಲ್ಲೆ.

ಡಬ್ಬಿ ತೆರೆದೆವು. ಬೆಲ್ಟು ಸೊಂಟಕ್ಕೆ, ಪಟ್ಟಿ ಭುಜಕ್ಕೆ, ಬಕಲ್ ಎಲ್ಲ ಟಕ್ ಟಕ್ ಎಂದು ಕೂತವು. ಭುಜದ ಪಟ್ಟಿ ನನಗೆ ಬಿಗಿ. ನೀನು ನಿನ್ನ ಅಳತೆಗೆ ಹೊಂದಿಸಿಟ್ಟಿದ್ದೆ ಎಂದು ಆಮೇಲೆ ಹೊಳೆಯಿತು. ಸಡಿಲಿಸುವ ಮೊದಲು ಪಟ್ಟಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದೇನೆ. ಈಗ ಬೆನ್ನಿಗೂ ಹಾಕಿಕೊಳ್ಳುತ್ತೇನೆ. ಬೆನ್ನಿಗೆ ಹೋದ ಮೇಲೆ ನನ್ನ ತಲೆಗೂದಲಿಗೆ ಉಳಿಗಾಲವಿಲ್ಲ.

ಅಕ್ಕ ಬೇಗ ಬರಲಿ ಎಂದು ದಿನಾ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳಬೇಕಾಗಿ ಬಂದಿದೆ, ಅಕ್ಕ. ಆ ಆಸೆ ತಾನಾಗಿ ಬರುತ್ತಿಲ್ಲ. ಈ ಸಾಲನ್ನು ಹೊಡೆದುಹಾಕಬೇಕೆಂದಿದ್ದೆ. ನಿನಗೆ ಇನ್ನೊಂದು ಗುಲಾಬಿ ಶರ್ಟು ಬೇಡವೆಂದು ಹಾಗೇ ಬಿಟ್ಟಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ 20

ತಮ್ಮನಿಗೆ,

ನವೆಂಬರಿನಿಂದ ನಾವಿಬ್ಬರೂ ಅವಳ ಹಲ್ಲು, ನನ್ನ ಮಾತ್ರೆ, ಇಷ್ಟೇ ಬರೆದುಕೊಂಡೆವು. ಇವತ್ತು ಸುದ್ದಿ ಇದೆ. ನನ್ನ ಎದೆ ಶುದ್ಧವಾಗಿದೆ. ತಿಂಗಳ ಕೊನೆಗೆ ಬಿಡುತ್ತಾರೆ. ಮಾತ್ರೆ ಇನ್ನಷ್ಟು ಕಾಲ ಮನೆಯಲ್ಲೇ ನುಂಗಬೇಕು. ನಾನು ಪಾಠ ಮಾಡುತ್ತಿದ್ದ ಶಾಲೆಯವರು ಮತ್ತೆ ಕರೆದಿದ್ದಾರೆ. ನಿನ್ನ ಹತ್ತಿರ ಎರಡು ವಾರ ಇದ್ದು, ಅವಳನ್ನು ಕರೆದುಕೊಂಡು ನನ್ನ ಊರಿಗೆ ಹೋಗುತ್ತೇನೆ.

ಒಂದು ಕೇಳಿಕೊಳ್ಳುತ್ತೇನೆ. ನಾನು ಬಾಗಿಲಿಗೆ ಬಂದಾಗ ಅವಳನ್ನು ನನ್ನ ಕೈಗೆ ಕೊಡಬೇಡ. ನೀನೇ ಕಟ್ಟಿಕೊಂಡಿರು. ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಗಿರಾಕಿ ಎಂದುಕೊಳ್ಳಲಿ.

ಅಕ್ಕ


ಮಾರ್ಚ್ 24

ಅಕ್ಕನಿಗೆ,

ರೈಲು ತಲುಪಿತೇ? ಅವಳು ದಾರಿಯುದ್ದಕ್ಕೂ ಅತ್ತಳೇ? ಸುಳ್ಳು ಹೇಳಬೇಡ.

ಆ ಎರಡು ವಾರದಲ್ಲಿ ನೀನು ಎಷ್ಟು ಸಲ ಅವಳನ್ನು ಎದೆಗೆ ಕಟ್ಟಿಕೊಂಡೆಯೋ ಅಷ್ಟೂ ಸಲ ಎರಡು ಕೈಯಿಂದ ನಿನ್ನನ್ನು ತಳ್ಳಿ, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ನನ್ನ ಕಡೆ ನೋಡಿದಳು. ಪ್ರತಿ ಸಲವೂ ನೀನು ಬಿಚ್ಚಿ ನನಗೆ ಕೊಟ್ಟೆ. ನಾನು ಹಿತ್ತಲಿಗೆ ಹೋಗುತ್ತಿದ್ದೆನಲ್ಲ, ನೀರು ಹಿಡಿಯಲಿಕ್ಕಲ್ಲ. ಅವಳು ನನ್ನನ್ನೇ ಆರಿಸಿಕೊಂಡಾಗ ನನಗೆ ಸಂತೋಷವಾಗುತ್ತಿತ್ತು. ಆ ಮುಖವನ್ನು ನಿನಗೆ ತೋರಿಸಲಾರದೆ ಹೋಗುತ್ತಿದ್ದೆ.

ಅಂಗಡಿಯಲ್ಲಿ ಈಗ ಕತ್ತರಿಯನ್ನು ಎಲ್ಲಿ ಬೇಕಾದರೂ ಇಡಬಹುದು. ಸೂಜಿ ಬಿದ್ದರೆ ಸಂಜೆ ಹುಡುಕಿದರಾಯಿತು. ಎಲ್ಲ ಹೊಲಿಗೆ ಹೊತ್ತಿಗೆ ಮುಂಚೆಯೇ ಮುಗಿಯುತ್ತದೆ. ನಿಂತು ಬಟ್ಟೆ ಕತ್ತರಿಸುವಾಗ ಮೈ ಅತ್ತಿತ್ತ ತೂಗುತ್ತಿರುತ್ತದಂತೆ. ಕಾವಲುಗಾರ ಹೇಳಿದ, "ಟೈಲರೇ, ಮಗು ಇಲ್ಲ, ನಿಲ್ಸಿ." ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಅರ್ಧ ಗಂಟೆ ಕೂತು ಹೋದ.

ಬೂದು ಬಟ್ಟೆಯನ್ನು ಯಾಕೆ ನನ್ನ ಹತ್ತಿರ ಬಿಟ್ಟು ಹೋದೆ?

ನಿನ್ನ ತಮ್ಮ


ಏಪ್ರಿಲ್ 30

ತಮ್ಮನಿಗೆ,

ತಡವಾಯಿತು. ಹೇಳಲು ಏನಾದರೂ ಸಿಗಲಿ ಎಂದು ಕಾದೆ.

ಹೌದು, ದಾರಿಯುದ್ದಕ್ಕೂ ಅತ್ತಳು. ಇಲ್ಲಿಗೆ ಬಂದ ಮೇಲೂ. ಸಂಜೆ ಬೀದಿಯಲ್ಲಿ ಯಾವ ಗಂಡಸಿನ ಹೆಜ್ಜೆ ಸದ್ದಾದರೂ ಬಾಗಿಲಿಗೆ ತೆವಳಿಕೊಂಡು ಹೋಗಿ ಕೂರುತ್ತಿದ್ದಳು. ಅವರು ದಾಟಿ ಹೋಗುತ್ತಿದ್ದರು. ನಾನು ಒಳಗಿನಿಂದ ನೋಡುತ್ತಿದ್ದೆ. ಒಂದು ಕೋಣೆಯಲ್ಲಿ ನಾವಿಬ್ಬರೇ, ಇಬ್ಬರಿಗೂ ಬೇಕಾದವರು ಬೇರೆಲ್ಲೋ.

ಎದೆಗೆ ಕಟ್ಟುವುದನ್ನು ಬಿಟ್ಟುಬಿಟ್ಟೆ. ಒಂಬತ್ತು ತಿಂಗಳು ದಿಂಬಿನ ಜೊತೆ ಕಲಿತದ್ದೆಲ್ಲ ಹೋಗಲಿ ಎಂದುಕೊಂಡೆ. ಒಂದು ಬೆಳಿಗ್ಗೆ ಶಾಲೆಗೆ ಹೊತ್ತಾಗಿತ್ತು, ಕೈಯಲ್ಲಿ ಪುಸ್ತಕದ ಚೀಲ, ಬೇರೆ ದಾರಿಯಿಲ್ಲದೆ ಅವಳನ್ನು ಬೆನ್ನಿಗೆ ಹಾಕಿಕೊಂಡೆ. ಅಳಲಿಲ್ಲ. ಬೆನ್ನ ಮೇಲಿಂದ ಅವಳಿಗೆ ನನ್ನ ಮುಖ ಕಾಣುವುದಿಲ್ಲ ನೋಡು, ರಸ್ತೆ ಕಾಣುತ್ತದೆ, ನಾಯಿ ಕಾಣುತ್ತದೆ. ನನ್ನ ಮುಖ ಕಾಣದಿದ್ದರೆ ನನ್ನನ್ನು ಸಹಿಸುತ್ತಾಳೆ. ಆಗಲಿ ಎಂದು ಶಾಲೆಯವರೆಗೂ ನಡೆದೆ. ನಾನು ಅತ್ತದ್ದೂ ಅವಳಿಗೆ ಕಾಣಲಿಲ್ಲ, ಅದೂ ಒಂದು ಅನುಕೂಲ. ಶಾಲೆಯ ಆಯಾ ಅವಳನ್ನು ಇಳಿಸಿಕೊಳ್ಳುವಾಗ, "ಟೀಚರ್, ನಿಮ್ಮ ಜಡೆ ಬಿಡ್ತಾ ಇಲ್ಲ" ಎಂದಳು. ಎಷ್ಟು ಬಿಗಿಯಾಗಿ ಹಿಡಿದಿದ್ದಳು ಎಂದರೆ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಅಂದಿನಿಂದ ದಿನಾ ಬೆನ್ನಿಗೇ.

ಬಟ್ಟೆ ಯಾಕೆ ಬಿಟ್ಟು ಬಂದೆ ಎಂದು ಕೇಳಿದೆ. ನಿನ್ನಿಂದ ಎಲ್ಲವನ್ನೂ ಬಿಚ್ಚಿಕೊಂಡು ಬರಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಡೋಣವೆಂದು ಎರಡು ದಿನ ಯೋಚಿಸಿದೆ. ಅವಳು ಮಾತು ಶುರು ಮಾಡಿದ್ದಾಳೆ. ಒಂದೇ ಮಾತು. ಬೆಳಿಗ್ಗೆ ಹೊರಡುವ ಹೊತ್ತಿಗೆ ಗೋಡೆ ಹಿಡಿದು ಹತ್ತಿರ ಬಂದು, ನನ್ನ ಮಂಡಿಗೆ ಒರಗಿ, ಎರಡು ಕೈಯನ್ನೂ ಮೇಲೆತ್ತಿ, "ಮಾಮಾ" ಎನ್ನುತ್ತಾಳೆ. ನೀನು ಬಂದಿದ್ದೀಯೇನೋ ಎಂದು ಮೊದಲ ದಿನ ನಾನೇ ಬಾಗಿಲ ಕಡೆ ತಿರುಗಿದೆ. ಅವಳು ತಿರುಗಲಿಲ್ಲ. ನನ್ನನ್ನೇ ನೋಡಿ ಇನ್ನೊಮ್ಮೆ ಹೇಳಿದಳು, "ಮಾಮಾ." ಅವಳ ಭಾಷೆಯಲ್ಲಿ ಅದು ಯಾರ ಹೆಸರೂ ಅಲ್ಲ ಕಣೋ. ಹೊತ್ತುಕೊಳ್ಳುವವರಿಗೆಲ್ಲ ಅದೇ ಹೆಸರು.

ನಾನು ತಿದ್ದಿಲ್ಲ. ಹೂಂ ಎಂದು ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಡುತ್ತೇನೆ. ಹತ್ತುತ್ತಾಳೆ.

ಅಕ್ಕ